ಮೂರು ಬೈಕು, ಒಂದು ಬೆಟ್ಟದ ದಾರಿ

ಐವತ್ತು ದಾಟಿದ ಗಂಡಸು ದೊಡ್ಡ ಮೋಟಾರ್ ಸೈಕಲ್ ಕೊಳ್ಳುತ್ತೇನೆಂದು ಹೊರಟರೆ ಗೆಳೆಯರು ಬೆನ್ನು ತಟ್ಟುತ್ತಾರೆ, ಮನೆಯವರು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. ಆ ಗಂಡಸು ವೈದ್ಯನೂ ಆಗಿದ್ದರಂತೂ ಮುಗಿದೇ ಹೋಯಿತು. ಇಲ್ಲಿನ ಆಸ್ಪತ್ರೆಗಳಲ್ಲಿ ಮೋಟಾರ್ ಸೈಕಲ್ಲಿಗೆ 'ಡೋನರ್ ಸೈಕಲ್' ಎಂಬ ಅಡ್ಡಹೆಸರಿದೆ. ಅಂಗಾಂಗ ದಾನಿಗಳನ್ನು ಒದಗಿಸುವ ಗಾಡಿ ಎಂಬ ಕ್ರೂರ ತಮಾಷೆ ಅದು. ಸುದ್ದಿ ಕೇಳಿದ ನನ್ನ ತಾಯಿ ಮೈಸೂರಿನಿಂದ ಫೋನಿನಲ್ಲಿ, "ಅಲ್ಲ ಕಣಪ್ಪಾ, ಕೈಕಾಲು ಮುರಿದುಕೊಂಡು ಬಂದೋರನ್ನ ದಿನಾ ನೋಡ್ತೀಯ. ಇನ್ನೂ ದೊಡ್ಡ ಗಾಡಿ ಬೇಕಾ ನಿಂಗೆ?" ಎಂದು ಕೇಳಿದರು. ಉತ್ತರ ಕೊಡಬೇಕಾದ ಪ್ರಶ್ನೆಯೇ.

ನನ್ನ ಬಳಿ ಆಗ ಇದ್ದದ್ದು ಹೋಂಡಾ ಶ್ಯಾಡೋ, 750 ಸಿ.ಸಿ. ಊರೊಳಗೆ ಓಡಾಡಲು ಯಾವ ಕೊರತೆಯೂ ಇರಲಿಲ್ಲ. ಆದರೆ ಮಕ್ಕಳು ಕಾಲೇಜಿಗೆ ಹೋಗಿ ಮನೆ ಖಾಲಿಯಾದ ಮೇಲೆ ನಮ್ಮಿಬ್ಬರಿಗೂ ದೂರದ ದಾರಿಗಳ ಆಸೆ ಹತ್ತಿತು. ಹಿಂದಿನ ಸೀಟಿನಲ್ಲಿ ಶ್ರೀಮತಿ, ಪಕ್ಕದಲ್ಲಿ ಎರಡು ದಿನದ ಬಟ್ಟೆ, ಮೇಲೊಂದು ತಿಂಡಿಯ ಡಬ್ಬಿ ಎಂದಾಗ ಶ್ಯಾಡೋ ಏದುಸಿರು ಬಿಡತೊಡಗಿತು. ದೊಡ್ಡದಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಯಾವ ಬಗೆಯ ದೊಡ್ಡದು? ಅದನ್ನು ಷೋರೂಮಿನಲ್ಲಿ ನಿಂತು ಆರಿಸುವ ಬದಲು ದಾರಿಯ ಮೇಲೆ ಆರಿಸೋಣವೆಂದು, 2023ರ ಅಕ್ಟೋಬರಿನಲ್ಲಿ ನಾವು ಮೂವರು ಗೆಳೆಯರು ಮೂರು ಬಗೆಯ ಬೈಕುಗಳೊಂದಿಗೆ ನಾರ್ತ್ ಕ್ಯಾರೊಲೈನಾದ ಬ್ಲೂ ರಿಡ್ಜ್ ಪಾರ್ಕ್‌ವೇಗೆ ಹೊರಟೆವು. ಆ ನಾಲ್ಕು ದಿನಗಳ ಕಥೆ ಇದು.

ಕ್ರೂಸರ್ ಎಂಬ ಕುಟುಂಬ

ಮೊದಲು ಒಂದಿಷ್ಟು ಪೀಠಿಕೆ. ಸೀಟು ನೆಲಕ್ಕೆ ಹತ್ತಿರ, ಹ್ಯಾಂಡಲ್ ಅಗಲ, ಕಾಲು ಮುಂದಕ್ಕೆ, ಕೂತವನ ಬೆನ್ನು ನೆಟ್ಟಗೆ. ಇದು ಕ್ರೂಸರ್ ಬೈಕಿನ ಸ್ಥೂಲ ಲಕ್ಷಣ. ಈ ಕುಟುಂಬದಲ್ಲಿ ಅಣ್ಣ ತಮ್ಮಂದಿರು ಹಲವರು. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ಭಾರದ ಬೈಕುಗಳ ಮಡ್‌ಗಾರ್ಡ್ ಕತ್ತರಿಸಿ, ಬೇಡದ್ದನ್ನೆಲ್ಲ ಬಿಚ್ಚಿ ಬಿಸುಟು ಹಗುರ ಮಾಡಿಕೊಂಡದ್ದು 'ಬಾಬರ್'. ಮುಂದಿನ ಫೋರ್ಕನ್ನು ಉದ್ದಕ್ಕೆ ಎಳೆದು ಮಾಡಿದ್ದು 'ಚಾಪರ್'. 1969ರ 'ಈಸಿ ರೈಡರ್' ಸಿನಿಮಾ ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಪಕ್ಕದಲ್ಲಿ ಗಟ್ಟಿ ಪೆಟ್ಟಿಗೆಗಳು, ಎದುರಿಗೆ ಗಾಳಿ ತಡೆಯುವ ದೊಡ್ಡ ಫೇರಿಂಗ್ ಇದ್ದರೆ 'ಬ್ಯಾಗರ್'. ಇವುಗಳ ನಡುವೆ, ಅಗಲ ಮಡ್‌ಗಾರ್ಡು, ಕಾಲಿಡಲು ಹಲಗೆಯಂಥ ಫುಟ್‌ಬೋರ್ಡು, ಬೇಕಾದಾಗ ಕಳಚಿಡಬಹುದಾದ ವಿಂಡ್‌ಶೀಲ್ಡ್, ಚರ್ಮದ ಚೀಲದಂಥ ಡಬ್ಬಿಗಳಿರುವ ಹಳೆಯ ಕಾಲದ ನೋಟದ ಬೈಕನ್ನು 'ಕ್ಲಾಸಿಕ್' ಎನ್ನುತ್ತಾರೆ.

ನಮ್ಮ ಮೂವರಲ್ಲಿ ಶಿವಮೊಗ್ಗದ ಗೆಳೆಯನದು ಇಂಡಿಯನ್ ಸ್ಕೌಟ್ ಬಾಬರ್. ಇಂಡಿಯನ್ ಎಂದ ತಕ್ಷಣ ನಮ್ಮದೆಂದು ಹಿಗ್ಗಬೇಡಿ, ಅದು 1901ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದ ಅಪ್ಪಟ ಅಮೆರಿಕನ್ ಹೆಸರು. ಹುಬ್ಬಳ್ಳಿಯ ಗೆಳೆಯರದು ಹಾರ್ಲಿ ಡೇವಿಡ್ಸನ್ ರೋಡ್ ಗ್ಲೈಡ್, ಬ್ಯಾಗರ್. ಮೂರನೆಯದಾಗಿ ನಾನು ಹಾರ್ಲಿಯದೇ ಹೆರಿಟೇಜ್ ಕ್ಲಾಸಿಕ್ ಒಂದನ್ನು ಬಾಡಿಗೆಗೆ ತೆಗೆದುಕೊಂಡೆ. ಬಾಡಿಗೆಯ ಕಾಗದದಲ್ಲಿ ಮೂವರ ಹೆಸರನ್ನೂ ಬರೆಸಿ, ಗೆಳೆಯರಿಬ್ಬರೂ ತಮ್ಮ ತಮ್ಮ ವಿಮಾ ಕಂಪನಿಗಳಿಗೆ ಮೊದಲೇ ತಿಳಿಸಿ, ದಿನಕ್ಕೊಬ್ಬರಂತೆ ಬೈಕು ಬದಲಿಸಿಕೊಳ್ಳುವುದೆಂದು ಒಪ್ಪಂದ. ಶ್ರೀಮತಿಯರು ಸಾಮಾನಿನೊಂದಿಗೆ ವ್ಯಾನಿನಲ್ಲಿ ಹಿಂದೆ ಬರುವುದು.

ಹೊರಡುವ ಮುನ್ನ ನನ್ನ ಶ್ರೀಮತಿ ಒಂದೇ ಷರತ್ತು ಹಾಕಿದಳು. "ಗಾಡಿ ನೀವು ಇಷ್ಟಪಟ್ಟಿದ್ದೇ ಇರ್ಲಿ ರೀ. ಆದರೆ ನಾನೂ ಕೂತು ನೋಡಿ ಹೂಂ ಅಂದ ಮೇಲೇ ದುಡ್ಡು ಕೊಡೋದು." ಆ ಷರತ್ತೇ ಕೊನೆಗೆ ನಮ್ಮನ್ನು ಸರಿದಾರಿಗೆ ಹಚ್ಚಿತೆಂದು ಈಗ ಅನ್ನಿಸುತ್ತದೆ.

ಮೊದಲ ದಿನ: ಬಾಬರ್

ಷಾರ್ಲಟ್ ನಗರದಿಂದ ಬ್ಲೋಯಿಂಗ್ ರಾಕ್ ಎಂಬ ಬೆಟ್ಟದ ಊರಿಗೆ ಸುಮಾರು ನೂರು ಮೈಲಿ. ಮೊದಲ ಸರದಿಯಲ್ಲಿ ನನಗೆ ಬಾಬರ್ ಸಿಕ್ಕಿತು. 1133 ಸಿ.ಸಿ. ಎಂಜಿನ್, ನೂರು ಕುದುರೆಶಕ್ತಿಯ ಹತ್ತಿರ. ತೂಕ ಮಾತ್ರ ನನ್ನ 750ರಷ್ಟೇ, ಸುಮಾರು 250 ಕಿಲೋ. ಸಿ.ಸಿ. ಹೆಚ್ಚಾದರೆ ತೂಕವೂ ಹೆಚ್ಚಲೇಬೇಕೆಂಬ ನಿಯಮವಿಲ್ಲ ಎನ್ನುವುದು ಮೊದಲ ಪಾಠ. ಆಕ್ಸಿಲರೇಟರ್ ತಿರುವಿದರೆ ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯುತ್ತದೆ. ಕಣ್ಣಿಗೂ ಚೆಂದ. ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಇಬ್ಬರು ಹುಡುಗರು ಬಂದು ಫೋಟೋ ತೆಗೆದುಕೊಂಡರು. ನನ್ನ 750ನ್ನು ಇಷ್ಟು ವರ್ಷ ಯಾರೂ ತಿರುಗಿ ನೋಡಿರಲಿಲ್ಲ!

ಮೊದಲ ಅರ್ಧ ಗಂಟೆ ಸ್ವರ್ಗ. ಆಮೇಲೆ ಶರೀರಶಾಸ್ತ್ರ ಶುರುವಾಯಿತು. ಬಾಬರಿನ ಹಿಂದಿನ ಶಾಕ್ ಅಬ್ಸಾರ್ಬರಿಗೆ ಮೇಲೆ ಕೆಳಗೆ ಆಡಲು ಇರುವುದು ಎರಡೇ ಇಂಚು ಜಾಗ. ಸಾಮಾನ್ಯ ಬೈಕಿನಲ್ಲಿ ಕಾಲು ನಮ್ಮ ಮೈ ಕೆಳಗೇ ಇರುತ್ತದೆ, ಗುಂಡಿ ಕಂಡಾಗ ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ಅರೆಕ್ಷಣ ಎದ್ದು ಬಿಡುತ್ತೇವೆ. ಮೊಣಕಾಲೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಕಾಲು ಮುಂದಕ್ಕೆ ಚಾಚಿ ಕೂತಾಗ ಹಾಗೆ ಏಳಲಾಗುವುದಿಲ್ಲ. ರಸ್ತೆಯ ಒಂದೊಂದು ಪೆಟ್ಟೂ ಬಾಲದ ಮೂಳೆಯಿಂದ ನೆಟ್ಟಗೆ ಸೊಂಟದ ಬೆನ್ನೆಲುಬಿಗೆ ಏರುತ್ತದೆ. ಹ್ಯಾಂಡಲ್ಲೂ ದೂರವಿದ್ದರೆ ಬೆನ್ನು ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಇಪ್ಪತ್ತೈದರ ಹುಡುಗನ ಬೆನ್ನೆಲುಬಿನ ನಡುವಿನ ಮೆತ್ತೆಗಳು ಇದನ್ನು ತಾಳಿಕೊಂಡಾವು. ಐವತ್ತರ ನಂತರ ಆ ಮೆತ್ತೆಗಳಲ್ಲಿ ನೀರಿನಂಶವೇ ಕಡಿಮೆ.

ಜೊತೆಗೆ ಗಾಳಿ. ಗಂಟೆಗೆ 65 ಮೈಲಿಯಲ್ಲಿ ಎದೆಗೆ ಬಡಿಯುವ ಗಾಳಿಗೆ ಎದುರಾಗಿ ಕೈ, ಕುತ್ತಿಗೆ ಬಿಗಿಹಿಡಿದೇ ಇರಬೇಕು. ಶಬ್ದವಂತೂ ಸರಿಯೇ ಸರಿ. ಆ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು ನೂರು ಡೆಸಿಬೆಲ್ ಹತ್ತಿರ ಹೋಗುತ್ತದೆ. ಇಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು, 100 ಡೆಸಿಬೆಲ್ಲನ್ನು ಬರೀ 15 ನಿಮಿಷ. ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಒಂದು ಡಾಲರಿಗೂ ಕಡಿಮೆ. ಯಾವ ಬೈಕೇ ಇರಲಿ, ಇದನ್ನು ಮರೆಯಬೇಡಿ.

ಬ್ಲೋಯಿಂಗ್ ರಾಕ್ ಬಳಿ ಪಾರ್ಕ್‌ವೇ ಸೇರಿದೊಡನೆ ಗಲಾಟೆಯೆಲ್ಲ ನಿಂತುಹೋಯಿತು. ಈ ರಸ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಜನಕ್ಕೆ ಕೆಲಸ ಕೊಡಲೆಂದು ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಕಾಮಗಾರಿ ಆರಂಭಿಸಿತು. ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದಿಂದ ನಾರ್ತ್ ಕ್ಯಾರೊಲೈನಾದ ಗ್ರೇಟ್ ಸ್ಮೋಕಿ ಪರ್ವತಗಳವರೆಗೆ 469 ಮೈಲಿ. ಟ್ರಕ್ಕುಗಳಿಗೆ ಪ್ರವೇಶವಿಲ್ಲ, ಜಾಹೀರಾತು ಫಲಕಗಳಿಲ್ಲ, ಸಿಗ್ನಲ್ ದೀಪಗಳಿಲ್ಲ. ವೇಗದ ಮಿತಿ ಬಹುಪಾಲು ಗಂಟೆಗೆ 45 ಮೈಲಿ. ಇಷ್ಟು ಉದ್ದದ ರಸ್ತೆ ಮುಗಿಯಲು 1987ರವರೆಗೆ ಕಾಯಬೇಕಾಯಿತು, ಏಕೆಂದರೆ ಗ್ರ್ಯಾಂಡ್‌ಫಾದರ್ ಮೌಂಟನ್ ಎಂಬ ಬೆಟ್ಟದ ಮೈಯನ್ನು ಕಡಿಯದೆ ರಸ್ತೆ ಮಾಡುವುದು ಹೇಗೆಂಬ ಸಮಸ್ಯೆ ಬಗೆಹರಿಯಲಿಲ್ಲ. ಕೊನೆಗೆ ಲಿನ್ ಕೋವ್ ವಯಾಡಕ್ಟ್ ಎಂಬ 1243 ಅಡಿಯ ಸೇತುವೆಯನ್ನು 153 ಕಾಂಕ್ರೀಟ್ ತುಂಡುಗಳಿಂದ, ಕಟ್ಟಿದ ಭಾಗದ ಮೇಲೇ ನಿಂತು ಮುಂದಿನದನ್ನು ಜೋಡಿಸುತ್ತ ಕಟ್ಟಿದರು. ಬೆಟ್ಟದ ಸೊಂಟಕ್ಕೆ ಡಾಬು ತೊಡಿಸಿದ ಹಾಗೆ ಕಾಣುತ್ತದೆ. ಅಕ್ಟೋಬರಿನ ಕೆಂಪು, ಅರಿಶಿನದ ಎಲೆಗಳ ನಡುವೆ ಅದರ ಮೇಲೆ ತೇಲುತ್ತ ಹೋಗುವಾಗ ಸೊಂಟನೋವು ಕೂಡ ಮರೆತಿತ್ತು.

ಸಂಜೆ ಶಿವಮೊಗ್ಗದ ಗೆಳೆಯ, "ಹೆಂಗಿತ್ತು ಮಾರಾಯ ನನ್ನ ಕುದುರೆ?" ಎಂದ. ಕುದುರೆ ಚೆನ್ನಾಗಿದೆ, ಜೀನು ಒಬ್ಬನಿಗೇ ಎಂದೆ. ಬಾಬರಿಗೆ ಹಿಂದಿನ ಸೀಟೇ ಇಲ್ಲ. ಶ್ರೀಮತಿ ದೂರದಿಂದಲೇ ನೋಡಿ, "ಇದಕ್ಕೆ ನಾನು ಹೂಂ ಅನ್ನೋ ಪ್ರಶ್ನೇನೇ ಬರಲ್ಲ, ಕೂರೋದೆಲ್ಲಿ?" ಎಂದು ಒಳಗೆ ಹೋದಳು.

ಎರಡನೇ ದಿನ: ಬ್ಯಾಗರ್

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಗೆಳೆಯರ ರೋಡ್ ಗ್ಲೈಡ್ ನನ್ನ ಕೈಗೆ ಬಂತು. ತೂಕ 380 ಕಿಲೋ ಹತ್ತಿರ. ನಾನು ಮೈಸೂರು ಮೆಡಿಕಲ್ ಕಾಲೇಜಿನಲ್ಲಿದ್ದಾಗ ಓಡಿಸುತ್ತಿದ್ದ ಯೆಜ್ಡಿಯ ತೂಕ ಸುಮಾರು 140 ಕಿಲೋ. ಹೆಚ್ಚುಕಡಿಮೆ ಮೂರು ಯೆಜ್ಡಿಗಳ ಭಾರ ಎರಡು ಚಕ್ರದ ಮೇಲೆ!

ಯೆಜ್ಡಿಯ ಹೆಸರು ಬಂದ ಮೇಲೆ ಸುಮ್ಮನೆ ಮುಂದೆ ಹೋಗಲು ಮನಸ್ಸಾಗದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1996ರಲ್ಲಿ ಅದು ಬಾಗಿಲು ಹಾಕಿತು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಕಡ್ಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿದ ಆ ವಾಸನೆ. ನಮ್ಮ ಪೀಳಿಗೆಯ ಹುಡುಗರು ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ ದಾಟಿ ಕಲ್ಲಹಟ್ಟಿಯ 36 ಹೇರ್‌ಪಿನ್ ತಿರುವುಗಳನ್ನು ಊಟಿಗೆ ಹತ್ತಿದ್ದು ಅದರಲ್ಲೇ. ಆಗ ಬೈಕು ಆರಿಸುವ ಕಷ್ಟವೇ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಯಾರದ್ದು ಸಿಕ್ಕರೆ ಅದು.

ರೋಡ್ ಗ್ಲೈಡ್ ಮಾತ್ರ ಹೊರಟ ಮೇಲೆ ತೂಕವನ್ನೇ ಮರೆಸುತ್ತದೆ. ಅದರ ಫೇರಿಂಗ್ ಹ್ಯಾಂಡಲ್ಲಿಗೆ ಅಂಟಿಕೊಂಡಿಲ್ಲ, ಚಾಸಿಗೇ ಕೂರಿಸಿದ್ದಾರೆ. 1980ರ ಟೂರ್ ಗ್ಲೈಡ್‌ನಿಂದ ಬಂದ ಪದ್ಧತಿ ಇದು. ಅಡ್ಡಗಾಳಿ ಬೀಸಿದರೆ ಫೇರಿಂಗಿಗೆ ಬಡಿದ ಗಾಳಿ ಹ್ಯಾಂಡಲ್ಲನ್ನು ಎಳೆಯುವುದಿಲ್ಲ. ಎದೆಗೆ ಗಾಳಿಯಿಲ್ಲ, ಬೆನ್ನಿಗೆ ಪೆಟ್ಟಿಲ್ಲ. ಮೌಂಟ್ ಮಿಚೆಲ್‌ವರೆಗೆ ದಣಿವೆಂಬುದೇ ಆಗಲಿಲ್ಲ. 6684 ಅಡಿಯ ಆ ಶಿಖರ ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕಿರುವ ಅಮೆರಿಕದಲ್ಲೆಲ್ಲ ಎತ್ತರದ್ದು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಹುಬ್ಬಳ್ಳಿಯವರು ಪಕ್ಕದ ಪೆಟ್ಟಿಗೆ ತೆರೆದರೆ ಒಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಈರುಳ್ಳಿ! ಹಿಂದಿನ ದಿನ ಬಾಬರಿನಲ್ಲಿ ಒಂದು ಚಪಾತಿ ಪೊಟ್ಟಣಕ್ಕೂ ಜಾಗವಿರಲಿಲ್ಲ. ಬ್ಯಾಗರಿನ ಪರವಾಗಿ ಇದಕ್ಕಿಂತ ದೊಡ್ಡ ವಾದ ಬೇಕೇ?

ಅಲ್ಲಿಂದ ಆಶ್‌ವಿಲ್ ಕಡೆ ಇಳಿಯುವಾಗ ಒಂದು ವೀಕ್ಷಣಾ ಸ್ಥಳದಲ್ಲಿ ನಿಂತೆವು. ಅಲ್ಲಿ ಬೈಕಿನ ಮೂತಿ ಇಳಿಜಾರಿನ ಕಡೆ, ಕಟ್ಟೆಯ ಅಂಚಿಗೆ ಮುಖ ಮಾಡಿ ನಿಂತಿತು. ಹೊರಡುವಾಗ ಹಿಂದಕ್ಕೆ ತಳ್ಳಬೇಕು, ಅದೂ ಏರಿನಲ್ಲಿ. ಅದಕ್ಕೆ ರಿವರ್ಸ್ ಗೇರಿಲ್ಲ. ಒಬ್ಬನಿಂದ ಅಲುಗಲಿಲ್ಲ, ಇಬ್ಬರಿಂದಲೂ ಆಗಲಿಲ್ಲ. ಮೂವರೂ ಸೇರಿ ಉಸಿರು ಬಿಗಿಹಿಡಿದು ಎಳೆದೆವು. ಹುಬ್ಬಳ್ಳಿಯವರು ಬೆವರೊರೆಸುತ್ತ ನಗುತ್ತ ಹೇಳಿದರು: "ಡಾಕ್ಟರ್ ಸಾಹೇಬ್ರ, ಇದನ್ನ ಓಡ್ಸೋದು ಭಾಳ ಸಸಾರ ಐತ್ರಿ. ನಿಲ್ಸೋದೇ ತ್ರಾಸು."

ಇಡೀ ಪ್ರವಾಸದಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು ಅದು. ಓಡುವಾಗ ಎಲ್ಲ ಬೈಕೂ ಹಗುರವೇ. ಚಕ್ರ ತಿರುಗುತ್ತಿದ್ದಷ್ಟು ಹೊತ್ತು ಗಾಡಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ವೇಗ ನಡಿಗೆಗಿಂತ ಕಡಿಮೆಯಾದಾಗ, ಜಲ್ಲಿಕಲ್ಲಿನ ಮೇಲೆ ಕಾಲೂರಿದಾಗ, ಇಳಿಜಾರಿನಲ್ಲಿ ತಿರುಗಿಸುವಾಗ ಅಷ್ಟೂ ತೂಕ ನಮ್ಮ ಎರಡು ಕಾಲಿಗೆ ಬರುತ್ತದೆ. ಹಿಂದೆ ಹೆಂಡತಿ ಕೂತಿದ್ದರೆ ಅವಳ ತೂಕವೂ, ಎತ್ತರದಲ್ಲಿ. ದೊಡ್ಡ ಬೈಕನ್ನು ಪರೀಕ್ಷಿಸಬೇಕಾದದ್ದು ಎಪ್ಪತ್ತು ಮೈಲಿ ವೇಗದಲ್ಲಲ್ಲ, ಸೊನ್ನೆಯಲ್ಲಿ.

ಮೂರನೇ ದಿನ: ಕ್ಲಾಸಿಕ್, ಮತ್ತು ಹಿಂದಿನ ಸೀಟು

ಆಶ್‌ವಿಲ್‌ನಿಂದ ಚೆರೋಕಿಯವರೆಗಿನ ಭಾಗ ಪಾರ್ಕ್‌ವೇಯ ಅತ್ಯಂತ ಎತ್ತರದ ಭಾಗ. ಒಂದರ ಹಿಂದೊಂದು ಸುರಂಗ. ಇಡೀ ರಸ್ತೆಯ 26 ಸುರಂಗಗಳಲ್ಲಿ 25 ನಾರ್ತ್ ಕ್ಯಾರೊಲೈನಾದಲ್ಲೇ ಇವೆ. ಬಿಸಿಲಿನಿಂದ ಕತ್ತಲೆಗೆ ನುಗ್ಗುವಾಗ ಕಣ್ಣು ಹೊಂದಿಕೊಳ್ಳಲು ಒಂದೆರಡು ಸೆಕೆಂಡು ಬೇಕು. ವಯಸ್ಸಾದಂತೆ ಪಾಪೆ ಹಿಗ್ಗುವುದು ನಿಧಾನ, ಆ ಹೊತ್ತು ಇನ್ನಷ್ಟು ಬೆಳೆಯುತ್ತದೆ. ಕಪ್ಪು ಕನ್ನಡಕವನ್ನು ಸುರಂಗದ ಬಾಯಲ್ಲಿ ಹಣೆಗೇರಿಸಲಾಗದು, ಹಾಗಾಗಿ ಹೆಲ್ಮೆಟ್ಟಿನೊಳಗೇ ಮೇಲಕ್ಕೆತ್ತಬಹುದಾದ ಗಾಜಿರುವುದು ಒಳ್ಳೆಯದು.

ಆ ದಿನ ನನ್ನ ಸರದಿ ಹೆರಿಟೇಜ್ ಕ್ಲಾಸಿಕ್. 1868 ಸಿ.ಸಿ., 330 ಕಿಲೋ. ಹಿಂದೆ ಶ್ರೀಮತಿ. ಬಾಡಿಗೆಯ ಗಾಡಿಗೆ ಹಿಂದೆ ಒರಗುದಿಂಬು ಹಾಕಿಸಿದ್ದರು. ಹೆಲ್ಮೆಟ್ಟು, ಜಾಕೆಟ್ಟು, ಕೈಗವಸು ತೊಟ್ಟು ಅವಳು ಹತ್ತುವಾಗ ನಾನು ಎರಡೂ ಕಾಲೂರಿ, ಮುಂದಿನ ಬ್ರೇಕ್ ಹಿಡಿದು ಕಾದೆ. ಸೀಟು ತಗ್ಗಿನಲ್ಲಿರುವುದರಿಂದ ಎರಡೂ ಪಾದಗಳು ಪೂರ್ತಿ ನೆಲಕ್ಕೆ ತಾಕುತ್ತಿದ್ದವು. ಅವಳು ಹತ್ತಿ ಕೂತಾಗ ಗಾಡಿ ಒಂದು ಬಾರಿ ಅಲುಗಿ ಸುಮ್ಮನಾಯಿತು. ಅಷ್ಟರಲ್ಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು.

ಸಾಫ್ಟೇಲ್ ಎಂಬ ಈ ಮಾದರಿಯನ್ನು ಹಾರ್ಲಿ 1984ರಲ್ಲಿ ತಂದಿತು. ಹಳೆಯ ಕಾಲದಲ್ಲಿ ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಇಲ್ಲದ ಬೈಕುಗಳು ಹೇಗೆ ಕಾಣುತ್ತಿದ್ದವೋ ಹಾಗೇ ಕಾಣುವಂತೆ ಮಾಡಿ, ಶಾಕ್ ಅಬ್ಸಾರ್ಬರನ್ನು ಕಣ್ಣಿಗೆ ಬೀಳದಂತೆ ಒಳಗೆ ಅಡಗಿಸಿದರು. ಎಂಜಿನ್ನಿನ ಸದ್ದಿಗೂ ಒಂದು ಕಾರಣವಿದೆ. ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿದ್ದು ಎರಡರ ದಂಡವೂ ಒಂದೇ ಕ್ರ್ಯಾಂಕ್ ಪಿನ್ನಿಗೆ ಸೇರಿರುವುದರಿಂದ ಸಿಡಿತಗಳ ನಡುವಿನ ಅಂತರ ಸಮವಾಗಿರುವುದಿಲ್ಲ, 315 ಡಿಗ್ರಿ, 405 ಡಿಗ್ರಿ. ಇಲ್ಲಿಯವರ ಕಿವಿಗೆ ಅದು 'ಪೊಟೇಟೋ ಪೊಟೇಟೋ' ಎಂದು ಕೇಳುತ್ತದಂತೆ. ಆ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಕಂಪನಿ 1994ರಲ್ಲಿ ಅರ್ಜಿ ಹಾಕಿ, 2000ದಲ್ಲಿ ಕೈಬಿಟ್ಟಿತು. ನನ್ನ ಶ್ರೀಮತಿಗೆ ಅದು ರಾಗಿ ಬೀಸುವ ಹಿಟ್ಟಿನ ಗಿರಣಿಯ ಸದ್ದಾಗಿ ಕೇಳಿಸಿತು!

ರಿಚ್‌ಲ್ಯಾಂಡ್ ಬಾಲ್ಸಮ್ ಎಂಬಲ್ಲಿ ರಸ್ತೆ 6053 ಅಡಿಗೆ ಏರುತ್ತದೆ, ಪಾರ್ಕ್‌ವೇಯ ತುತ್ತತುದಿ ಅದೇ. ಕೆಳಗೆ ನೀಲಿ ಬೆಟ್ಟಗಳು ಒಂದರ ಹಿಂದೊಂದು, ನೆರಿಗೆ ಹಿಡಿದ ಸೀರೆಯ ಹಾಗೆ. ಶಿವಮೊಗ್ಗದವನು ಆಗುಂಬೆಯನ್ನು ನೆನೆದ. ಹದಿನಾಲ್ಕು ತಿರುವು, ಕೆಳಗೆ ಸೋಮೇಶ್ವರ, ಸಂಜೆಯ ಸೂರ್ಯ. ನಮ್ಮವರು ಎಲ್ಲಿಗೆ ಹೋದರೂ ಬೆಟ್ಟ ಕಂಡಾಗ ಹೀಗೇ ಅನ್ನಿ.

ಪಕ್ಕದ ಮ್ಯಾಗಿ ವ್ಯಾಲಿಗೆ ಇಳಿದು 'ವೀಲ್ಸ್ ಥ್ರೂ ಟೈಮ್' ಎಂಬ ಸಂಗ್ರಹಾಲಯ ನೋಡಿದೆವು. ಡೇಲ್ ವಾಕ್ಸ್‌ಲರ್ ಎಂಬ ಹವ್ಯಾಸಿ 2002ರಲ್ಲಿ ಇಲ್ಲಿ ತೆರೆದದ್ದು. ಅವರು 2021ರಲ್ಲಿ ತೀರಿಕೊಂಡರು. 300ಕ್ಕೂ ಹೆಚ್ಚು ಹಳೆಯ ಅಮೆರಿಕನ್ ಮೋಟಾರ್ ಸೈಕಲ್ಲುಗಳು, ಬಹುಪಾಲು ಇಂದಿಗೂ ಓಡುವ ಸ್ಥಿತಿಯಲ್ಲಿವೆ. ಅಲ್ಲಿ ಸಾಲಾಗಿ ನಿಂತದ್ದನ್ನು ನೋಡುತ್ತ ಹೋದಾಗ ಒಂದು ವಿಷಯ ಹೊಳೆಯಿತು. ನಾವು ಇಂದು 'ಸ್ಟೈಲ್' ಎನ್ನುವ ಪ್ರತಿಯೊಂದೂ ಯಾರದೋ ಒಂದು ಅಗತ್ಯದಿಂದ ಹುಟ್ಟಿದ್ದು. ಹಗುರ ಬೇಕಾದವನು ಮಡ್‌ಗಾರ್ಡ್ ಕತ್ತರಿಸಿದ, ದೂರ ಹೋಗಬೇಕಾದವನು ಚೀಲ ಕಟ್ಟಿದ, ಚಳಿಯಾದವನು ಗಾಜು ನಿಲ್ಲಿಸಿದ. ಅವರ ಅಗತ್ಯಕ್ಕೆ ನಾವು ದುಡ್ಡು ಕೊಡುವ ಮೊದಲು ನಮ್ಮ ಅಗತ್ಯ ಯಾವುದೆಂದು ಕೇಳಿಕೊಳ್ಳಬೇಕಲ್ಲ.

ಸಂಜೆ ಚೆರೋಕಿ ತಲುಪಿದೆವು. ಮೂಲನಿವಾಸಿ ಚೆರೋಕಿ ಜನರ ಊರು. ಬೀದಿಯ ಫಲಕಗಳಲ್ಲಿ ಇಂಗ್ಲಿಷಿನ ಜೊತೆ ಅವರದೇ ಲಿಪಿ. ಸೆಕ್ವೋಯಾ ಎಂಬಾತ 1821ರ ಹೊತ್ತಿಗೆ ಪೂರ್ತಿ ಮಾಡಿದ ಆ ಲಿಪಿಯಲ್ಲಿ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. ಕಾಗುಣಿತ ಕಲಿತ ನಮಗೆ ಅದನ್ನು ಕಂಡು ಒಂದು ಬಗೆಯ ನಂಟು ಅನ್ನಿಸಿತು. ಶ್ರೀಮತಿ ಗಾಡಿಯಿಂದಿಳಿದು ಹೆಲ್ಮೆಟ್ ತೆಗೆದು, "ಬೆನ್ನು ನೋಯ್ತಿಲ್ಲ. ಎದುರಿಗೆ ಬೆಟ್ಟಾನೂ ಕಾಣ್ತು, ಬರೀ ನಿಮ್ಮ ಹೆಲ್ಮೆಟ್ಟಲ್ಲ" ಎಂದಳು. ಮರುದಿನ ಬೆಳಿಗ್ಗೆ ಅರ್ಧ ಗಂಟೆ ರೋಡ್ ಗ್ಲೈಡಿನ ಹಿಂದೆಯೂ ಕೂತು ನೋಡಿದಳು. ಸೀಟು ಇನ್ನೂ ಮೆತ್ತಗಿದೆ ಎಂದು ಒಪ್ಪಿದಳು. ಆದರೆ ಪಾರ್ಕಿಂಗ್ ಜಾಗದಲ್ಲಿ ತಿರುಗಿಸುವಾಗ ನನ್ನ ಭುಜ ಬಿಗಿಯಾದದ್ದು ಅವಳ ಕೈಗೆ ಗೊತ್ತಾಗಿತ್ತು. "ನೀವು ಹೆದರಿದ್ರಿ, ನಂಗೆ ತಿಳೀತು" ಎಂದಳು. ಹಿಂದೆ ಕೂತವರಿಗೆ ಮುಂದಿನವನ ಮೈ ಹೇಳುವ ಸತ್ಯವನ್ನು ಯಾವ ಮಾರಾಟಗಾರನೂ ಹೇಳಲಾರ.

ನಾಲ್ಕನೇ ದಿನ: ಡ್ರ್ಯಾಗನ್ನಿನ ಬಾಲ

ಕೊನೆಯ ದಿನ ಹೆಂಗಸರನ್ನು ಚೆರೋಕಿಯಲ್ಲಿ ಬಿಟ್ಟು ನಾವು ಮೂವರು 'ಟೇಲ್ ಆಫ್ ದ ಡ್ರ್ಯಾಗನ್' ನೋಡಲು ಹೋದೆವು. ಟೆನೆಸೀ ಗಡಿಯ ಡೀಲ್ಸ್ ಗ್ಯಾಪ್ ಬಳಿ, 11 ಮೈಲಿಯಲ್ಲಿ 318 ತಿರುವುಗಳು. ಕ್ರೂಸರುಗಳು ತಗ್ಗಿನಲ್ಲಿರುವುದರಿಂದ ಹೆಚ್ಚು ವಾಲಲಾರವು. ಸುಮಾರು 30 ಡಿಗ್ರಿ ವಾಲುವಷ್ಟರಲ್ಲಿ ಫುಟ್‌ಬೋರ್ಡ್ ಡಾಂಬರಿಗೆ ಉಜ್ಜಿ ಕರ್ರೆನ್ನುತ್ತದೆ. ವೇಗದ ಮಿತಿ 30 ಮೈಲಿ, ಅದರೊಳಗಿದ್ದರೆ ಯಾವ ತೊಂದರೆಯೂ ಇಲ್ಲ.

ತಿರುವುಗಳು ಶುರುವಾಗುವಲ್ಲಿ ಒಂದು ಮರವಿದೆ. 'ನಾಚಿಕೆಯ ಮರ' ಎಂದು ಅದರ ಹೆಸರು. ಅಲ್ಲಿ ಬಿದ್ದ ಬೈಕುಗಳ ಒಡೆದ ಭಾಗಗಳನ್ನು ಅದಕ್ಕೆ ನೇತುಹಾಕುತ್ತಾರೆ. ಕನ್ನಡಿ, ಹ್ಯಾಂಡಲ್, ಪೆಟ್ರೋಲ್ ಟ್ಯಾಂಕಿನ ಚೂರು. ಉಳಿದವರು ಫೋಟೋ ತೆಗೆಯುತ್ತಿದ್ದರು. ನಾನು ಆ ಒಂದೊಂದು ಚೂರಿನ ಹಿಂದಿನ ಎಕ್ಸ್‌ರೇ ಯಾವ ಬಗೆಯದ್ದಿರಬಹುದೆಂದು ಲೆಕ್ಕ ಹಾಕುತ್ತ ನಿಂತೆ. ತಾಯಿಯ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಜಾಗ ಅದೇ.

ನನಗೆ ಗೊತ್ತಿರುವುದು ಇಷ್ಟು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ ಹೆಲ್ಮೆಟ್ ಸಾವನ್ನು ಓಡಿಸುವವರಲ್ಲಿ 37 ಶೇಕಡಾ, ಹಿಂದೆ ಕೂತವರಲ್ಲಿ 41 ಶೇಕಡಾ ತಡೆಯುತ್ತದೆ. ಎ.ಬಿ.ಎಸ್. ಬ್ರೇಕ್ ಇರುವ ಬೈಕುಗಳಲ್ಲಿ, ಅದೇ ಮಾದರಿಯ ಎ.ಬಿ.ಎಸ್. ಇಲ್ಲದವುಗಳಿಗಿಂತ, ಮಾರಣಾಂತಿಕ ಅಪಘಾತಗಳ ಪ್ರಮಾಣ 22 ಶೇಕಡಾ ಕಡಿಮೆ ಎಂದು ಇಲ್ಲಿನ ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ ಕಂಡುಕೊಂಡಿದೆ. ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕರು ಲಾಸ್ ಏಂಜಲೀಸ್‌ನ ಸುಮಾರು 900 ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡಿಸಿ 1981ರಲ್ಲಿ ಕೊಟ್ಟ ವರದಿ ಇಂದಿಗೂ ಮಾರ್ಗದರ್ಶಿ. ಬೇರೆ ವಾಹನಗಳೊಂದಿಗಿನ ಡಿಕ್ಕಿಗಳಲ್ಲಿ ಮೂರನೇ ಎರಡು ಭಾಗದಷ್ಟು, ಎದುರಿನ ಚಾಲಕ ಬೈಕಿಗೆ ದಾರಿ ಬಿಡದೆ ನುಗ್ಗಿದ್ದರಿಂದ ಆದವು. ಅಂದರೆ ನಾವು ಕಾಣಿಸಿಕೊಳ್ಳಬೇಕು, ಮತ್ತು ಬ್ರೇಕು ನಮ್ಮ ಮಾತು ಕೇಳಬೇಕು. ಅಪಾಯ ಇದರಿಂದ ಮಾಯವಾಗುವುದಿಲ್ಲ, ಕಡಿಮೆಯಾಗುತ್ತದೆ. ಉಳಿದದ್ದನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದು ಮನೆಮಂದಿಯೆಲ್ಲ ಕೂತು ಮಾಡಬೇಕಾದ ತೀರ್ಮಾನ, ಗಂಡಸೊಬ್ಬನದಲ್ಲ. ತಾಯಿಗೂ ಇದನ್ನೇ ಹೇಳಿದೆ. "ಹಾಗಾದ್ರೆ ಅವಳನ್ನ ಕೇಳು, ಅವಳು ಒಪ್ಪಿದ್ರೆ ನಂದೇನಿಲ್ಲ" ಎಂದರು.

ಕೊಂಡದ್ದು ಯಾವುದು?

2024ರ ವಸಂತದಲ್ಲಿ ಹೆರಿಟೇಜ್ ಕ್ಲಾಸಿಕ್ ಮನೆಗೆ ಬಂತು. ನಿಮಗೂ ಅದೇ ಸರಿಯೆಂದು ನಾನು ಹೇಳಲಾರೆ. ಒಬ್ಬರೇ, ಊರ ಸುತ್ತ, ಗಂಟೆ ಎರಡು ಗಂಟೆ ಓಡಿಸುವವರಾದರೆ ಬಾಬರಿನ ಖುಷಿಯೇ ಬೇರೆ. ದಿನಕ್ಕೆ ನಾನೂರು ಮೈಲಿ ಹೆದ್ದಾರಿಯಲ್ಲಿ ಹೋಗುವವರು, ಕಾಲು ಸೊಂಟ ಗಟ್ಟಿಯಿರುವವರು ಬ್ಯಾಗರ್ ನೋಡಬಹುದು. ಎತ್ತರ ಕಡಿಮೆಯವರಿಗೆ, ಹೊಸದಾಗಿ ಕಲಿಯುವವರಿಗೆ 471 ಸಿ.ಸಿ.ಯ ಹೋಂಡಾ ರೆಬೆಲ್ 500 ಸಾಕಷ್ಟು ದೊಡ್ಡದು. ಊರಿನಲ್ಲೇ ಕೊಂಡು ಇಡುವ ಆಸೆಯಿದ್ದವರಿಗೆ ರಾಯಲ್ ಎನ್‌ಫೀಲ್ಡಿನ ಸೂಪರ್ ಮೀಟಿಯೋರ್ 650 ಇದೆ, 2023ರಲ್ಲಿ ಮಾರಾಟಕ್ಕೆ ಬಂದದ್ದು. ಯಾವುದೇ ಆದರೂ ಕೊಳ್ಳುವ ಮುನ್ನ ಇಷ್ಟು ಮಾಡಿ. ಎಂಜಿನ್ ಆರಿಸಿ, ಗಾಡಿಯ ಮೇಲೆ ಕೂತು, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಿ ನೋಡಿ. ಹ್ಯಾಂಡಲ್ಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದಾಗ ದೂರದ ಕೈ ಎಟುಕುತ್ತದೆಯೇ ನೋಡಿ. ಹಿಂದೆ ಕೂರುವವರನ್ನು ಕರೆದುಕೊಂಡೇ ಹೋಗಿ. ಒಂದು ದಿನ ಬಾಡಿಗೆಗೆ ಪಡೆದು, ಸೊಂಟ ಏನು ಹೇಳುತ್ತದೆಂದು ಮರುದಿನ ಬೆಳಿಗ್ಗೆ ಕೇಳಿ.

ನಾವು ಹೋದ ದಾರಿ ಮಾತ್ರ ಹಾಗೇ ಉಳಿಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಆ ಬೆಟ್ಟಗಳ ಮೇಲೆ ಸುರಿದ ಮಳೆಗೆ ಪಾರ್ಕ್‌ವೇಯ ಎಷ್ಟೋ ಕಡೆ ಭೂಕುಸಿತವಾಗಿ ರಸ್ತೆಯೇ ಕೊಚ್ಚಿಹೋಯಿತು, ಲಿನ್‌ವಿಲ್ ಜಲಪಾತ ಮತ್ತು ಲಿಟಲ್ ಸ್ವಿಟ್ಜರ್‌ಲ್ಯಾಂಡ್ ಸುತ್ತಮುತ್ತ ಬಹಳ ಹಾನಿಯಾಯಿತು. ಆಶ್‌ವಿಲ್ ಜನರ ಪಾಡು ನಿಮಗೆಲ್ಲ ತಿಳಿದದ್ದೇ. ದುರಸ್ತಿ ಹಂತಹಂತವಾಗಿ ನಡೆದಿದೆ. ಹೋಗುವವರು ನ್ಯಾಷನಲ್ ಪಾರ್ಕ್ ಸರ್ವಿಸ್ ಪ್ರಕಟಿಸುವ ರಸ್ತೆಯ ಸ್ಥಿತಿ ನೋಡಿಕೊಂಡು ಹೊರಡಿ. ಪಾರ್ಕ್‌ವೇಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಅದೂ ನೆನಪಿರಲಿ.

ಇನ್ನೊಂದು ಮಾತು. ಗಾಡಿ ಕೊಂಡ ದಿನವೇ ಅದನ್ನು ಮಾರುವ ದಿನವನ್ನೂ ನಾವಿಬ್ಬರು ಗೊತ್ತು ಮಾಡಿಕೊಂಡೆವು. ತಾರೀಖು ಹಾಕಲಿಲ್ಲ, ಪರೀಕ್ಷೆ ಇಟ್ಟುಕೊಂಡೆವು. ಪ್ರತಿ ಏಪ್ರಿಲಿನಲ್ಲಿ ಮನೆ ಹತ್ತಿರದ ಶಾಲೆಯ ಖಾಲಿ ಪಾರ್ಕಿಂಗಿನಲ್ಲಿ ಶ್ರೀಮತಿ ಟೇಪು ಹಿಡಿದು 24 ಅಡಿ ಅಳೆದು ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. ಅದರೊಳಗೆ ನಾನು ಕಾಲೂರದೆ ಗಾಡಿ ತಿರುಗಿಸಬೇಕು. ಆಮೇಲೆ ಇಳಿಜಾರಿನಲ್ಲಿ ಒಬ್ಬನೇ ಅದನ್ನು ಸೈಡ್ ಸ್ಟ್ಯಾಂಡಿನಿಂದ ಎತ್ತಿ ನಿಲ್ಲಿಸಬೇಕು. ಇವೆರಡರಲ್ಲಿ ಒಂದು ತಪ್ಪಿದ ವರ್ಷ ಗಾಡಿ ಚಿಕ್ಕದಾಗುತ್ತದೆ, ಅಥವಾ ಕಾರಿನಲ್ಲಿ ಬೆಟ್ಟ ನೋಡುವುದಾಗುತ್ತದೆ. ಪರೀಕ್ಷಕರು ಬಹಳ ಕಟ್ಟುನಿಟ್ಟು. ಈವರೆಗೆ ಪಾಸಾಗಿದ್ದೇನೆ.